ಡಬ್ಬಿ ಬೇಡ, ಶೇಂಗಾ ಸಾಕು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಇವತ್ತಿನ ಮಾತು ವಿಶೇಷವಾಗಿ ವಿಶಾಖಪಟ್ಟಣ ಮತ್ತು ವಿಜಯವಾಡದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ. ನೌಕಾಪಡೆಯೋ, ಉಕ್ಕಿನ ಕಾರ್ಖಾನೆಯೋ, ಬ್ಯಾಂಕೋ, ರೈಲ್ವೆಯೋ, ಯಾವುದೋ ಒಂದು ಕೆಲಸ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದೆ. ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಾರೆ, ಗೆಳೆಯರ ಜೊತೆ ತೆಲುಗಿನಲ್ಲಿ ಆಡುತ್ತಾರೆ, ಮನೆಗೆ ಬಂದು ಪರದೆಯಲ್ಲಿ ಕಂಡ ಅಮೆರಿಕದ ತಿಂಡಿ ಬೇಕೆಂದು ಹಟ ಹಿಡಿಯುತ್ತಾರೆ. ಅಂಥ ಒಂದು ತಿಂಡಿ ಪೀನಟ್ ಬಟರ್ ಫಡ್ಜ್. ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮ ಬರ್ಫಿಯ ದೂರದ ನೆಂಟ ಅಷ್ಟೆ. ಅದಕ್ಕಾಗಿ ದುಬಾರಿ ಡಬ್ಬಿ ತರುವ ಅಗತ್ಯವೂ ಇಲ್ಲ. ಬೇಕಾದ ಬೆಣ್ಣೆ ಶೇಂಗಾದ ಒಳಗೇ ಇದೆ. ನಾವು ಒದಗಿಸಬೇಕಾದದ್ದು ಎರಡೇ: ಕಾಳು ಆರಿಸುವ ಕಣ್ಣು, ಪಾಕ ನೋಡುವ ತಾಳ್ಮೆ.

ಮೊದಲು ಅಂಗಡಿಗೆ ಹೋಗೋಣ. ವಿಜಯವಾಡದ ಕಾಳೇಶ್ವರರಾವ್ ಮಾರುಕಟ್ಟೆಯ ಸುತ್ತಲಿನ ಯಾವುದಾದರೂ ಅಂಗಡಿಯಲ್ಲಿ ನಿಂತು, ಧಾರವಾಡದ ಕಡೆಯವರು "ಶೇಂಗಾ ಕೊಡಿ" ಅಂದರೆ ಅಂಗಡಿಯವರ ಕೈ ಕಡಲೆಯ ಕಡೆಗೆ ಹೋದೀತು! ಏಕೆಂದರೆ ತೆಲುಗಿನಲ್ಲಿ ಶೆನಗಲು ಅಂದರೆ ಕಡಲೆ, ಶೆನಗಪಪ್ಪು ಅಂದರೆ ಕಡಲೆಬೇಳೆ. ನಮಗೆ ಬೇಕಾದದ್ದಕ್ಕೆ ಅಲ್ಲಿ "ವೇರುಶೆನಗ ಗುಳ್ಳು" ಅನ್ನಬೇಕು, ಇಲ್ಲವೇ "ಪಲ್ಲೀಲು" ಅನ್ನಬೇಕು. ತೆಲುಗಿನ ವೇರು ನಮ್ಮ ಬೇರು. ವೇರುಶೆನಗ ಅಂದರೆ ಬೇರಿನ ಕಡಲೆ. ನಮ್ಮ ಕರಾವಳಿಯವರು ನೆಲಗಡಲೆ ಅನ್ನುತ್ತಾರೆ, ಮೈಸೂರು ಬೆಂಗಳೂರಿನ ಕಡೆ ಕಡಲೆಕಾಯಿ. ನೋಡಿದಿರಾ? ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಈ ಹೊಸ ಕಾಯಿಗೆ ಎರಡೂ ಭಾಷೆಯ ಜನ ತಮ್ಮ ಹಳೆಯ ಕಡಲೆಯ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡರು. ನಿಜ ಹೇಳಬೇಕೆಂದರೆ ಅದು ಬೇರಿನಲ್ಲಿ ಬಿಡುವುದಿಲ್ಲ. ಹೂವು ನೆಲದ ಮೇಲೆಯೇ ಅರಳುತ್ತದೆ. ಆಮೇಲೆ ಅದರ ತೊಟ್ಟು ಬಾಗಿ ಮಣ್ಣಿಗಿಳಿದು ಅಲ್ಲಿ ಕಾಯಾಗುತ್ತದೆ.

ಶೇಂಗಾಕ್ಕೆ ಹೆಸರಾದ ಸೀಮೆಯೂ ಎರಡು ಭಾಷೆಗಳ ಗಡಿಯದ್ದೇ. ಆ ಕಡೆ ಅನಂತಪುರ, ಕದಿರಿ, ಮಡಕಶಿರಾ, ರಾಯದುರ್ಗ. ಈ ಕಡೆ ಪಾವಗಡ, ಚಳ್ಳಕೆರೆ. ಮಳೆ ಕಡಿಮೆ, ನೆಲ ಕೆಂಪು. ಕದಿರಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಕದಿರಿ-6 ತಳಿ ಎರಡೂ ಕಡೆಯ ರೈತರ ಹೊಲದಲ್ಲಿ ಬೆಳೆದಿದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲೂ ಕನ್ನಡದ ಕಾಯಿ ಯಾವುದು, ತೆಲುಗಿನ ಕಾಯಿ ಯಾವುದು ಎಂದು ಯಾರೂ ಕೇಳುವುದಿಲ್ಲ.

ಇನ್ನು ಫಡ್ಜ್‌ನ ಕಥೆ, ಚಿಕ್ಕದಾಗಿ. 1880ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ತಿಂಡಿ ಇದು. ವ್ಯಾಸರ್ ಕಾಲೇಜಿನ ವಿದ್ಯಾರ್ಥಿನಿ ಎಮಿಲಿನ್ ಹಾರ್ಟ್ರಿಡ್ಜ್ ಬರೆದ ಪತ್ರದ ಪ್ರಕಾರ, 1886ರಲ್ಲಿ ಬಾಲ್ಟಿಮೋರ್‌ನಲ್ಲಿ ಇದು ಪೌಂಡಿಗೆ 40 ಸೆಂಟಿನಂತೆ ಮಾರಾಟವಾಗುತ್ತಿತ್ತು. 1888ರಲ್ಲಿ ಆಕೆ ಕಾಲೇಜಿನ ಹರಾಜಿಗೆಂದು 30 ಪೌಂಡ್ ಮಾಡಿದರಂತೆ. ಶೇಂಗಾ ಬೆಣ್ಣೆಯೂ ಹೆಚ್ಚುಕಡಿಮೆ ಅದೇ ಕಾಲದ್ದು. ಕೆನಡಾದ ಮಾರ್ಸೆಲಸ್ ಎಡ್ಸನ್ ಎಂಬುವರು 1884ರಲ್ಲಿ ಹುರಿದ ಶೇಂಗಾವನ್ನು ಅರೆದು ಮಾಡುವ ಮುದ್ದೆಗೆ ಪೇಟೆಂಟ್ ಪಡೆದರು. ಅವರು ಅರೆದದ್ದನ್ನು ನಮ್ಮ ಅಜ್ಜಿಯರು ಒರಳಲ್ಲಿ ಕುಟ್ಟಿದರು. ನಾಗರಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕಟ್ಟುವ ಶೇಂಗಾ ಉಂಡೆ, ಆಂಧ್ರದ ಪಲ್ಲಿ ಪಟ್ಟಿ, ಈ ಫಡ್ಜ್, ಎಲ್ಲಕ್ಕೂ ಮೂಲ ಒಂದೇ: ಹುರಿದ ಶೇಂಗಾ ಮತ್ತು ಸಿಹಿ ಪಾಕ.

ಈಗ ಕಾಳು ಆರಿಸುವ ವಿಷಯ. ದಯವಿಟ್ಟು ಇದನ್ನು ಬೇಗ ಬೇಗ ದಾಟಿ ಹೋಗಬೇಡಿ.

ಒಣ ಸೀಮೆಯಲ್ಲಿ ಬೆಳೆದ ಶೇಂಗಾ ಸಮುದ್ರದ ಗಾಳಿಯಿರುವ ವಿಶಾಖಪಟ್ಟಣಕ್ಕೆ, ಕೃಷ್ಣಾ ತೀರದ ವಿಜಯವಾಡಕ್ಕೆ ಬಂದು ಗೋಣಿಯಲ್ಲಿ ಕೂರುತ್ತದೆ. ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಎಂಬ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿ. ಈ ವಿಷ ಗೊತ್ತಾದದ್ದೇ ಹಾಗೆ. ಬಹುಕಾಲ ಹೊಟ್ಟೆಗೆ ಹೋಗುತ್ತಿದ್ದರೆ ಇದು ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಹೆದರಬೇಡಿ, ಕಣ್ಣು ಬಿಟ್ಟು ನೋಡಿ. ಕಾಳನ್ನು ದೊಡ್ಡ ತಟ್ಟೆಯಲ್ಲಿ ಹರಡಿ. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಹಸಿರು ಹಳದಿ ಪುಡಿ ಅಂಟಿದ್ದು, ಒಡೆದು ಬಣ್ಣ ಕೆಟ್ಟದ್ದು, ಎಲ್ಲವನ್ನೂ ತೆಗೆದುಹಾಕಿ. ಹುರಿದ ಮೇಲೆ ಸಿಪ್ಪೆ ಬಿಡಿಸುವಾಗ ಇನ್ನೊಮ್ಮೆ ನೋಡಿ. ನಾಲ್ಕೈದು ಕಾಳು ಬಾಯಿಗೆ ಹಾಕಿಕೊಂಡಾಗ ಕಹಿ ಅನ್ನಿಸಿದರೆ ಉಗುಳಿಬಿಡಿ, ಆ ಶೇಂಗಾ ಬಳಸಬೇಡಿ. ಉಂಡೆಗೆ ಕುಟ್ಟುವಾಗ ಕೆಟ್ಟ ಕಾಳು ಕಣ್ಣಿಗೆ ಬಿದ್ದೀತು. ಮಿಕ್ಸಿಯಲ್ಲಿ ಬೆಣ್ಣೆಯಾದ ಮೇಲೆ ಯಾರಿಗೆ ಕಾಣುತ್ತದೆ? ಆರಿಸಿ ತೆಗೆದದ್ದನ್ನು ಹಸುವಿಗೂ ಹಾಕಬೇಡಿ, ಆ ವಿಷ ಹಾಲಿನಲ್ಲೂ ಬರುತ್ತದೆ. ಮನೆಯಲ್ಲೇ ಮಾಡುವುದರ ದೊಡ್ಡ ಲಾಭ ಇದೇ: ನಿಮ್ಮ ಮಗುವಿನ ಬಾಯಿಗೆ ಹೋಗುವ ಒಂದೊಂದು ಕಾಳನ್ನೂ ನೀವು ನೋಡಿರುತ್ತೀರಿ.

ಪೆನ್ನು ಹಿಡಿದುಕೊಂಡಿರಾ? ಅಳತೆ ಹೇಳುತ್ತೇನೆ. ಶೇಂಗಾ ಕಾಲು ಕಿಲೋ. ಸಕ್ಕರೆ 300 ಗ್ರಾಂ. ಗಟ್ಟಿ ಹಾಲು ಅರ್ಧ ಲೋಟ, ಅಂದರೆ ಸುಮಾರು 125 ಮಿಲಿಲೀಟರ್. ತುಪ್ಪ ಅಥವಾ ಬೆಣ್ಣೆ 50 ಗ್ರಾಂ. ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ. ಇಷ್ಟೇ.

ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಆತುರ ಪಟ್ಟರೆ ಹೊರಗೆ ಕಪ್ಪು, ಒಳಗೆ ಹಸಿ. ಚಟಚಟ ಸದ್ದು ಬಂದು ಘಮ್ಮೆಂದು ವಾಸನೆ ಹರಡಿದಾಗ ಇಳಿಸಿ. ಸ್ವಲ್ಪ ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದು ಕೇರಿ. ಕಾಳು ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಪುಡಿಯಾಗುತ್ತದೆ. ಆಮೇಲೆ ಜಾರಿನ ಗೋಡೆಗೆ ಮುದ್ದೆಯಾಗಿ ಅಂಟುತ್ತದೆ. ಇಲ್ಲಿಗೆ ಬಂದಾಗ ಹಲವರು ಕೆಟ್ಟುಹೋಯಿತು ಎಂದು ನೀರು ಹಾಕಿಬಿಡುತ್ತಾರೆ. ಬೇಡ, ಒಂದು ಹನಿಯೂ ಬೇಡ. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಚಮಚದಿಂದ ಕೆಳಗೆ ಎಳೆದು ಮತ್ತೆ ತಿರುಗಿಸಿ. ಮಧ್ಯೆ ಮಧ್ಯೆ ಮಿಕ್ಸಿಗೆ ಬಿಡುವು ಕೊಡಿ, ಮೋಟಾರು ಬಿಸಿಯಾಗುತ್ತದೆ. ಐದರಿಂದ ಎಂಟು ನಿಮಿಷದಲ್ಲಿ ಎಣ್ಣೆ ಬಿಟ್ಟುಕೊಂಡು ದೋಸೆ ಹಿಟ್ಟಿನಂತೆ ಜಾರುತ್ತದೆ. ಅದೇ ಪೀನಟ್ ಬಟರ್! ಅಂಗಡಿಯ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಒಮ್ಮೆ ಓದಿ ನೋಡಿ. ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆ, ಉಪ್ಪು, ಎಣ್ಣೆ ಮೇಲೆ ತೇಲದಂತೆ ತಡೆಯಲು ಸಂಸ್ಕರಿಸಿದ ಕೊಬ್ಬು ಸೇರಿಸಿರುತ್ತಾರೆ. ನಿಮ್ಮದರಲ್ಲಿ ಇರುವುದು ಶೇಂಗಾ ಮಾತ್ರ.

ಮುಂದೆ ಪಾಕ. ಆಳವಾದ ಪಾತ್ರೆ ತೆಗೆದುಕೊಳ್ಳಿ, ಹಾಲು ಸಕ್ಕರೆ ಉಕ್ಕುತ್ತದೆ. ಸಕ್ಕರೆ, ಹಾಲು, ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗಿಸಿ. ಕರಗುವ ಮೊದಲೇ ಕುದಿಸಿದರೆ ಬಾಯಿಗೆ ಮರಳಿನ ಹಾಗೆ ಸಿಗುತ್ತದೆ. ಆಮೇಲೆ ಉರಿ ಸ್ವಲ್ಪ ಏರಿಸಿ, ತಳ ಹಿಡಿಯದಂತೆ ಆಗಾಗ ಕೈಯಾಡಿಸಿ. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಳ್ಳಿ. ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಒಟ್ಟುಮಾಡಿ. ಕರಗಿಹೋದರೆ ಇನ್ನೂ ಸಮಯವಿದೆ. ಮೆತ್ತನೆಯ ಉಂಡೆಯಾದರೆ ಬಂತು. ಥರ್ಮಾಮೀಟರ್ ಇರುವವರಿಗೆ 112ರಿಂದ 115 ಡಿಗ್ರಿ ಸೆಲ್ಸಿಯಸ್. ಚಿಕ್ಕಿಗಾದರೆ ಟಕ್ಕೆಂದು ಮುರಿಯುವ ಪಾಕ ಬೇಕು, ಇದಕ್ಕೆ ಅಷ್ಟು ಬೇಡ. ಕುದಿಯುವ ಪಾಕ ಮೈಮೇಲೆ ಬಿದ್ದರೆ ಬಿಸಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ಮಕ್ಕಳು ಕಾಳು ಆರಿಸಲಿ, ತುಂಡು ಕತ್ತರಿಸಲಿ, ಈ ಹತ್ತು ನಿಮಿಷ ಮಾತ್ರ ಒಲೆಯಿಂದ ದೂರ ಇರಲಿ.

ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಶೇಂಗಾ ಬೆಣ್ಣೆ, ಉಪ್ಪು, ಏಲಕ್ಕಿ ಪುಡಿ ಹಾಕಿ. ಈಗ ತೋಳಿಗೆ ಕೆಲಸ. ಬಿಡದೆ ತಿರುವಿ. ಮೊದಲು ಮಿರಮಿರ ಮಿಂಚುತ್ತಿರುತ್ತದೆ. ಮೂರರಿಂದ ಐದು ನಿಮಿಷದಲ್ಲಿ ಆ ಹೊಳಪು ಮಾಸಿ ಗಟ್ಟಿಯಾಗತೊಡಗುತ್ತದೆ. ಕೂಡಲೇ ತುಪ್ಪ ಸವರಿದ ತಟ್ಟೆಗೆ ಸುರಿದು ಮಟ್ಟ ಮಾಡಿ. ಪೂರ್ತಿ ಆರಿದ ಮೇಲೆ ಚೌಕವಾಗಿ ಕತ್ತರಿಸಿ. ಚಿಕ್ಕ ಚಿಕ್ಕದಾಗಿ 36 ತುಂಡು ಬರುತ್ತದೆ. ಸಕ್ಕರೆ ಕಡಿಮೆಯೇನಿಲ್ಲ, ದಿನಕ್ಕೆ ಒಂದೆರಡು ಸಾಕು.

ಗಟ್ಟಿಯಾಗಲಿಲ್ಲವೇ? ಎರಡು ಚಮಚ ಹಾಲು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಇನ್ನೊಮ್ಮೆ ಕಾಯಿಸಿ. ಪುಡಿಪುಡಿಯಾಯಿತೇ? ಒಂದು ಚಮಚ ಬಿಸಿ ಹಾಲು ಚಿಮುಕಿಸಿ ನಾದಿ, ಉಂಡೆ ಕಟ್ಟಿ, ಹೆಸರು ಬದಲಾಯಿಸಿಬಿಡಿ!

ಇಲ್ಲಿ ನಿಮ್ಮ ಎರಡು ಊರುಗಳ ಹವೆ ಲೆಕ್ಕಕ್ಕೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಸರಿಯಾಗಿ ಬಂದದ್ದು ವಿಶಾಖಪಟ್ಟಣದಲ್ಲಿ ಬೆವರಿದರೆ ತಪ್ಪು ನಿಮ್ಮ ಕೈಯದ್ದಲ್ಲ. ಸಕ್ಕರೆ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಪಾಕವನ್ನು ಒಂದು ಗಳಿಗೆ ಹೆಚ್ಚು ಕಾಯಿಸಿ, ಉಂಡೆ ಕೊಂಚ ಬಿಗಿಯಾಗಲಿ. ತುಂಡುಗಳನ್ನು ಬೆಣ್ಣೆ ಕಾಗದದಲ್ಲಿ ಬೇರೆ ಬೇರೆ ಸುತ್ತಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ವಿಜಯವಾಡದ ಮೇ ತಿಂಗಳ ಬಿಸಿಲಿಗೆ ತುಪ್ಪ ಕರಗಿ ಇಡೀ ತಟ್ಟೆ ಮೆತ್ತಗಾಗುತ್ತದೆ, ಫ್ರಿಜ್ಜೇ ಗತಿ. ಹಾಲು ಸೇರಿರುವುದರಿಂದ ಹೊರಗೆ ನಾಲ್ಕೈದು ದಿನ, ಫ್ರಿಜ್‌ನಲ್ಲಿ ಎರಡು ವಾರ ಎಂದು ಇಟ್ಟುಕೊಳ್ಳಿ.

"ಬೆಲ್ಲ ಹಾಕಬಹುದಾ?" ಎಂದು ಕೇಳುತ್ತೀರಿ, ಗೊತ್ತು. ವಿಶಾಖಪಟ್ಟಣದ ಪಕ್ಕದಲ್ಲೇ ಅನಕಾಪಲ್ಲಿ ಇದೆ. ಬೆಲ್ಲದ ಮಾರುಕಟ್ಟೆಗೆ ದೇಶದಲ್ಲೇ ಹೆಸರಾದ ಊರು, 2022ರ ಏಪ್ರಿಲ್‌ನಿಂದ ಅದೇ ಹೆಸರಿನ ಜಿಲ್ಲೆಗೂ ಕೇಂದ್ರ. ಖಂಡಿತ ಹಾಕಿ, ಆದರೆ ಎರಡು ಮಾತು ನೆನಪಿರಲಿ. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯಬಹುದು, ಆದ್ದರಿಂದ ಹಾಲಿನ ಬದಲು ಅಷ್ಟೇ ನೀರು ಹಾಕಿ. ಇನ್ನೊಂದು, ಫಡ್ಜ್ ಗಟ್ಟಿಯಾಗುವುದು ಸಕ್ಕರೆಯ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿಂದ. ಬೆಲ್ಲದಲ್ಲಿರುವ ಗ್ಲುಕೋಸ್, ಫ್ರುಕ್ಟೋಸ್ ಆ ಹರಳು ಕಟ್ಟಲು ಬಿಡುವುದಿಲ್ಲ, ತೇವವನ್ನೂ ಹೆಚ್ಚು ಎಳೆಯುತ್ತವೆ. ಅದಕ್ಕೇ ಪೂರ್ತಿ ಬೆಲ್ಲದ್ದು ಅಂಟಂಟಾಗುತ್ತದೆ. 200 ಗ್ರಾಂ ಸಕ್ಕರೆಗೆ 100 ಗ್ರಾಂ ಬೆಲ್ಲ ಹಾಕಿದರೆ ರುಚಿಯೂ ಬರುತ್ತದೆ, ತುಂಡೂ ನಿಲ್ಲುತ್ತದೆ. ಬಿಳಿಚಿಕೊಂಡು ಹೊಳೆಯುವ ಬೆಲ್ಲಕ್ಕಿಂತ ಕಂದು ಬೆಲ್ಲ ಆರಿಸಿ.

ಹಂಚುವ ಮುನ್ನ ಒಂದು ಎಚ್ಚರಿಕೆ. ಕೆಲವರ ಮೈಗೆ ಶೇಂಗಾ ಒಗ್ಗುವುದಿಲ್ಲ. ದದ್ದು, ತುಟಿಯ ಊತ, ಉಸಿರು ಕಟ್ಟುವಿಕೆ, ಪ್ರಾಣಕ್ಕೇ ಅಪಾಯ ಬರುವುದೂ ಉಂಟು. ಶಾಲೆಗೆ ಕಳಿಸುವಾಗ, ಪಕ್ಕದ ಮನೆಗೆ ಕೊಡುವಾಗ "ಇದರಲ್ಲಿ ಶೇಂಗಾ ಇದೆ" ಎಂದು ಬಾಯಿಬಿಟ್ಟು ಹೇಳಿ. ನೋಡಿದರೆ ಹಾಲಿನ ಬರ್ಫಿಯಂತೆಯೇ ಕಾಣುತ್ತದಲ್ಲ! ಪುಟ್ಟ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಭಾನುವಾರ ತಟ್ಟೆಯ ಸುತ್ತ ಮಕ್ಕಳನ್ನು ಕೂರಿಸಿಕೊಳ್ಳಿ. ಕಾಳು ಆರಿಸುತ್ತಾ ಅವರು ಪಲ್ಲೀಲು ಅನ್ನಲಿ, ನೀವು ಶೇಂಗಾ ಅನ್ನಿ, ಫೋನಿನಲ್ಲಿ ಅಜ್ಜಿ ಕಡಲೆಕಾಯಿ ಬೀಜ ಅನ್ನಲಿ. ಸಿಪ್ಪೆ, ತೊಗಟೆ, ಎಳೆ ಪಾಕ, ಉಂಡೆ ಪಾಕ, ಘಮ, ಕಮಟು, ಇಂಥ ಮಾತುಗಳನ್ನು ಪರವೂರಿನ ಶಾಲೆ ಕಲಿಸುವುದಿಲ್ಲ. ಅಡುಗೆಮನೆಯಲ್ಲಿ ಕೈ ಕೆಲಸ ಮಾಡುವಾಗ ಅವು ತಾವಾಗಿ ಮಕ್ಕಳ ಕಿವಿಗೆ ಬೀಳುತ್ತವೆ. ಅಮೆರಿಕದ ತಿಂಡಿಯ ನೆಪದಲ್ಲಿ ಮನೆಯಲ್ಲಿ ಒಂದು ಗಂಟೆ ಕನ್ನಡ ನಡೆದರೆ ಯಾರಿಗೆ ನಷ್ಟ ಹೇಳಿ?

ಮಾಡಿ ನೋಡಿ. ಗಟ್ಟಿಯಾದರೂ ಬರೆಯಿರಿ, ಮೆತ್ತಗಾದರೂ ಬರೆಯಿರಿ.