ಚಪ್ಪಾಳೆ ಸಾಕು, ದುಡ್ಡು ಕೊಡ್ತೀರಾ?



ಈಗ ನೀವು ಯಾವ ಇಂಜಿನಿಯರಿಂಗ್ ಕಾಲೇಜಿಗೆ ಬೇಕಾದರೂ ಹೋಗಿ. ಗೇಟಿನ ಹತ್ತಿರ ಒಂದು ಫ್ಲೆಕ್ಸ್ ಇದ್ದೇ ಇರತ್ತೆ. ಐಡಿಯಾ ಕಾಂಟೆಸ್ಟ್, ಹ್ಯಾಕಥಾನ್, ಸ್ಟಾರ್ಟಪ್ ಫೆಸ್ಟ್, ಇಂಥದ್ದು ಏನಾದರೊಂದು. ಒಳಗೆ ಆಡಿಟೋರಿಯಂನಲ್ಲಿ ಒಬ್ಬ ಹುಡುಗ ಬ್ಲೇಜರ್ ಹಾಕ್ಕೊಂಡು ಪಿಪಿಟಿ ತೋರಿಸ್ತಾ ಇರ್ತಾನೆ. ಮೊದಲ ಸ್ಲೈಡಿನಲ್ಲಿ ಸಮಸ್ಯೆ, ಎರಡನೇದರಲ್ಲಿ ಪರಿಹಾರ, ಕೊನೇ ಸ್ಲೈಡಿನಲ್ಲಿ ಐದು ವರ್ಷಕ್ಕೆ ನೂರಾರು ಕೋಟಿ ವಹಿವಾಟು. ತೀರ್ಪುಗಾರರು ತಲೆಯಾಡಿಸ್ತಾರೆ. ಬಾಗಿಲಷ್ಟು ದೊಡ್ಡ ಚೆಕ್ಕು ಹಿಡ್ಕೊಂಡು ಫೋಟೋ, ಚಪ್ಪಾಳೆ, ಸಂಜೆಗೆ ವಾಟ್ಸಾಪ್ ಸ್ಟೇಟಸ್.

ಅವತ್ತೇ ರಾತ್ರಿ ಹುಡುಗ ಮನೆಗೆ ಫೋನ್ ಮಾಡ್ತಾನೆ. "ಅಪ್ಪಾ, ನಾನು ಪ್ಲೇಸ್‌ಮೆಂಟ್‌ಗೆ ಕೂರಲ್ಲ. ಕಂಪನಿ ಮಾಡ್ತೀನಿ." ಆ ಕಡೆ ಫೋನ್ ಹಿಡಿದಿರೋ ಅಪ್ಪ ಯಾರು? ಹೆಂಡತಿಯ ಬಳೆ ಅಡ ಇಟ್ಟು ನಾಲ್ಕು ವರ್ಷ ಫೀಸು ಕಟ್ಟಿದ ಮನುಷ್ಯ. ಬೇಡ ಅಂದ್ರೆ ಮಗನ ಕನಸು ಮುರಿದ ಪಾಪ. ಹೂಂ ಅಂದ್ರೆ ಮುಂದಿನ ಅಡಕ್ಕೆ ಸೈಟು ಹೋಗತ್ತೆ.

ಇವರಿಬ್ಬರ ಜಗಳದಲ್ಲಿ ಯಾರ ಪರ ಅಂತ ನನ್ನನ್ನ ಕೇಳಬೇಡಿ. ನಾನು ಕೇಳೋದು ಬೇರೆ. ಆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಾದರೂ ಜೇಬಿಗೆ ಕೈ ಹಾಕಿ, ತಗೋಪ್ಪಾ, ನಿನ್ನ ಸರ್ವೀಸು ನನಗೆ ಬೇಕು ಅಂತ ನೂರು ರೂಪಾಯಿ ಕೊಟ್ರಾ? ಕೊಟ್ಟಿಲ್ಲ ಅಂದರೆ ಅಲ್ಲಿ ಗೆದ್ದಿದ್ದು ಪಿಪಿಟಿ. ಐಡಿಯಾ ಇನ್ನೂ ಪರೀಕ್ಷೆಗೇ ಕೂತಿಲ್ಲ.

ಹಾಗಾದರೆ ಪರೀಕ್ಷೆ ಅಂದ್ರೆ ಹೇಗಿರತ್ತೆ? ಇಬ್ಬರು ವಿದ್ಯಾರ್ಥಿನಿಯರ ಕತೆ ಹೇಳ್ತೀನಿ. ಅಮೆರಿಕದ್ದು. ಆದರೆ ನಮ್ಮ ಮನೆ ಹೆಣ್ಣುಮಕ್ಕಳಿಗೆ ಅರ್ಧ ಹೇಳೋಷ್ಟರಲ್ಲಿ ಪೂರ್ತಿ ಅರ್ಥ ಆಗತ್ತೆ.

2008ರ ನವೆಂಬರ್. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಎರಡನೇ ವರ್ಷದ ವಿದ್ಯಾರ್ಥಿನಿ ಜೆನಿಫರ್ ಹೈಮನ್ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಊರಿಗೆ ಹೋಗಿದ್ದಾಳೆ. ತಂಗಿ ಒಂದು ಮದುವೆಗೆ ಅಂತ ಡಿಸೈನರ್ ಡ್ರೆಸ್ ತಂದಿದ್ದಾಳೆ. ಬೆಲೆ ಸುಮಾರು 2,000 ಡಾಲರ್, ಕ್ರೆಡಿಟ್ ಕಾರ್ಡಿನ ಸಾಲ. ಕಪಾಟಿನ ತುಂಬ ಬಟ್ಟೆ ಇದೆಯಲ್ಲೇ, ಇದ್ಯಾಕೆ ಅಂತ ಅಕ್ಕ ಕೇಳಿದಳು. ಅದನ್ನೆಲ್ಲ ಹಾಕ್ಕೊಂಡಿರೋ ಫೋಟೋ ಆಗಲೇ ಫೇಸ್‌ಬುಕ್‌ನಲ್ಲಿ ಬಂದಾಗಿದೆ, ಮತ್ತೆ ಹಾಕೋಕಾಗಲ್ಲ ಅಂದಳು ತಂಗಿ.

ನಗು ಬಂತಾ? ನಗಬೇಡಿ. ರಿಸೆಪ್ಷನ್ನಿಗೆ ಅಂತ ಹೊಲಿಸಿದ ಲೆಹೆಂಗಾ ಒಂದೇ ರಾತ್ರಿ ಮೈಮೇಲೆ ಇದ್ದು, ಆಮೇಲೆ ಬೀರುವಿನಲ್ಲಿ ನುಸಿಗುಳಿಗೆ ವಾಸನೆ ಕುಡೀತಾ ಕೂತಿರೋದು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ?

ಹೈಮನ್‌ಗೆ ಅಲ್ಲೇ ಹೊಳೆದಿದ್ದು: ಒಂದು ರಾತ್ರಿಗೆ ಬೇಕಾದ ಡ್ರೆಸ್ಸನ್ನ ಕೊಳ್ಳೋದ್ಯಾಕೆ, ಬಾಡಿಗೆಗೆ ಕೊಟ್ಟರೆ ಹೇಗೆ? ಸಹಪಾಠಿ ಜೆನಿಫರ್ ಫ್ಲೈಸ್ ಜೊತೆ ಸೇರಿಕೊಂಡಳು. ಇಲ್ಲಿಂದ ಅವರು ಮಾಡಿದ್ದನ್ನ ನಮ್ಮ ಹುಡುಗರು ಗಮನಿಸಬೇಕು. ಮೊದಲು ಆ್ಯಪ್ ಮಾಡಿಸಲಿಲ್ಲ, ಲೋಗೋ ಬರೆಸಲಿಲ್ಲ, ಆಫೀಸು ಹಿಡೀಲಿಲ್ಲ. ಡಯಾನ್ ವಾನ್ ಫರ್ಸ್ಟನ್‌ಬರ್ಗ್ ಅಂತ ಅಲ್ಲಿ ದೊಡ್ಡ ಹೆಸರಿನ ಡಿಸೈನರ್ ಇದ್ದಾರೆ. ಅವರ ಇ-ಮೇಲ್ ವಿಳಾಸ ಏನಿರಬಹುದು ಅಂತ ಊಹೆ ಮಾಡಿ, ನಾಲ್ಕಾರು ವಿಳಾಸಕ್ಕೆ ಬರೆದು, ಅಂತೂ ಭೇಟಿ ಗಿಟ್ಟಿಸಿದರು. ಡಿಸೈನರ್‌ಗಳಿಗೆ ಈ ವಿಚಾರದಲ್ಲಿ ಒಂದು ಅಳುಕಿತ್ತು. ಬಾಡಿಗೆಗೆ ಸಿಕ್ಕರೆ ನಮ್ಮ ಡ್ರೆಸ್ ಯಾರು ಕೊಳ್ತಾರೆ ಅಂತ.

ಹುಡುಗಿಯರು ಕಾಯಲಿಲ್ಲ. ಅಂಗಡಿಗೆ ಹೋಗಿ, ಎಲ್ಲರಂತೆ ಪೂರ್ತಿ ಬೆಲೆ ಕೊಟ್ಟು, ಸುಮಾರು ನೂರು ಡ್ರೆಸ್ ಕೊಂಡರು. ಯಾವ ಅಳತೆಯದ್ದು? ತಮ್ಮ ಅಳತೆಯದ್ದೇ! ವ್ಯಾಪಾರ ಮುಳುಗಿದರೆ ತಾವೇ ಹಾಕ್ಕೋಬಹುದಲ್ಲ. ಎಂಬಿಎ ಓದಿದ್ದು ದಂಡ ಆಗಲಿಲ್ಲ ಬಿಡಿ.

ಆಮೇಲೆ 2009ರಲ್ಲಿ ಒಂದಾದ ಮೇಲೊಂದು ಮೂರು ಪರೀಕ್ಷೆ ಮಾಡಿದರು. ಮೊದಲನೇದು ಹಾರ್ವರ್ಡ್‌ನಲ್ಲೇ. ಕಾಲೇಜು ಹುಡುಗಿಯರು ಬಂದು, ಡ್ರೆಸ್ ಹಾಕಿ ನೋಡಿ, ಇಷ್ಟ ಆದರೆ ಬಾಡಿಗೆ ಕೊಟ್ಟು ಒಯ್ಯಬಹುದು. ಒಯ್ದರು. ಹಾಳು ಮಾಡಿಕೊಂಡು ಬರ್ತಾರೆ ಅನ್ನೋ ಭಯ ಇತ್ತು, ಬಹುತೇಕ ಎಲ್ಲವೂ ಚೆನ್ನಾಗಿಯೇ ವಾಪಸ್ ಬಂದವು. ಅವತ್ತು ಒಬ್ಬ ಹುಡುಗಿ ಹೊಳೆಯೋ ಡ್ರೆಸ್ ತೊಟ್ಟು ಕನ್ನಡಿ ಮುಂದೆ ನಿಂತಾಗ ಅವಳ ನಿಲುವೇ ಬದಲಾಗಿ ಹೋಯ್ತಂತೆ. ನಾವು ಮಾರ್ತಿರೋದು ಬಟ್ಟೆ ಮಾತ್ರ ಅಲ್ಲ ಅಂತ ಗೊತ್ತಾಗಿದ್ದು ಆಗ ಅಂತ ಹೈಮನ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇಂಥದ್ದು ಯಾವ ಗೂಗಲ್ ಫಾರ್ಮಿನ ಸರ್ವೆಯಲ್ಲೂ ಸಿಗಲ್ಲ ರೀ. ಎದುರಿಗೆ ನಿಂತು ನೋಡಬೇಕು.

ಎರಡನೇದು ಯೇಲ್ ವಿಶ್ವವಿದ್ಯಾಲಯದಲ್ಲಿ. ಈ ಸಲ ನಿಯಮ ಬೇರೆ. ಡ್ರೆಸ್ ನೋಡಬಹುದು, ಹಾಕಿ ನೋಡೋ ಹಾಗಿಲ್ಲ. ಆಗಲೂ ಹುಡುಗಿಯರು ಬಾಡಿಗೆಗೆ ಒಯ್ದರು. ಮೂರನೇದು ನ್ಯೂಯಾರ್ಕ್‌ನಲ್ಲಿ. ಈ ಸಲ ಡ್ರೆಸ್ಸೂ ಇಲ್ಲ. ಸುಮಾರು ಸಾವಿರ ಹೆಂಗಸರಿಗೆ ಬರೀ ಫೋಟೋಗಳ ಪಿಡಿಎಫ್ ಕಳಿಸಿದರು. ನೂರಕ್ಕೆ ಐದರಷ್ಟು ಜನ ಬೇಕು ಅಂದರು.

ಯಾಕೆ ಮೂರು ಸಲ? ಇಲ್ಲೇ ಇರೋದು ಬುದ್ಧಿ. ಪ್ರತಿ ಸಲವೂ ಅವರು ಗಿರಾಕಿಯ ಒಂದೊಂದು ಸೌಕರ್ಯ ಕಿತ್ತುಕೊಂಡರು. ಮೊದಲು ಮುಟ್ಟಿ, ಹಾಕಿ ನೋಡೋದು. ಆಮೇಲೆ ಕಣ್ಣಿಂದ ನೋಡೋದು ಮಾತ್ರ. ಕೊನೆಗೆ ಅದೂ ಇಲ್ಲ, ಬರೀ ಚಿತ್ರ. ವೆಬ್‌ಸೈಟ್ ಅಂದ್ರೆ ಅದೇ ತಾನೆ? ಸೀರೆ ಅಂಗಡಿಯಲ್ಲಿ ಸೆರಗು ಹಿಡಿದು ನೋಡದೆ ದುಡ್ಡು ಬಿಚ್ಚದ ಹೆಂಗಸರು ಫೋಟೋ ನೋಡಿ ಬಿಚ್ಚುತ್ತಾರಾ ಅನ್ನೋದು ಅವರ ಪ್ರಶ್ನೆ. ಒಂದು ಸಾಲಿನ ಕೋಡ್ ಬರೆಯೋಕೆ ಮುಂಚೆ ಉತ್ತರ ಸಿಕ್ಕಿತ್ತು. ಮೊದಲನೇ ಪರೀಕ್ಷೆ ಗೆದ್ದ ಖುಷಿಯಲ್ಲೇ ವೆಬ್‌ಸೈಟ್ ಕಟ್ಟಿದ್ದರೆ ಅದು ಬರೀ ಜೂಜಾಗ್ತಿತ್ತು.

ರೆಂಟ್ ದಿ ರನ್‌ವೇ ಅಂತ ಅವರ ಕಂಪನಿ 2009ರ ನವೆಂಬರ್‌ನಲ್ಲಿ ಶುರುವಾಯ್ತು. ಅಷ್ಟರಲ್ಲಿ ಇಬ್ಬರೂ ಎಂಬಿಎ ಮುಗಿಸಿದ್ದರು. ಕಾಲೇಜು ಬಿಟ್ಟು ಓಡಿ ಹೋಗಿರಲಿಲ್ಲ!

ಇಷ್ಟು ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ನಾನು ಹೋಗಬಹುದು. ಆದರೆ ಕತೆಯ ಉಳಿದರ್ಧ ಮುಚ್ಚಿಟ್ಟರೆ ನಾನೂ ಆ ಪಿಪಿಟಿಯವನೇ ಆಗ್ತೀನಿ. ಆ ಮೂರು ಪರೀಕ್ಷೆ ಹೇಳಿದ್ದು ಒಂದೇ ವಿಷಯ: ಹೆಂಗಸರು ಡ್ರೆಸ್ ಬಾಡಿಗೆಗೆ ತಗೋತಾರೆ. ಸಾವಿರಾರು ಡ್ರೆಸ್ ಒಗೆದು, ಇಸ್ತ್ರಿ ಹಾಕಿ, ಕಲೆ ತೆಗೆದು, ಹೊಲಿಗೆ ಬಿಚ್ಚಿದ್ದನ್ನ ಸರಿ ಮಾಡಿ, ದಿನಾ ಕಳಿಸಿ ದಿನಾ ತರಿಸಿಕೊಂಡರೆ ಲಾಭ ಉಳಿಯತ್ತಾ? ಅದನ್ನ ಅವು ಹೇಳಿರಲಿಲ್ಲ. ಫ್ಯಾಷನ್ ಕಂಪನಿ ಮಾಡಲು ಹೊರಟವರು ಕಡೆಗೆ ಭಾರೀ ಡ್ರೈಕ್ಲೀನಿಂಗ್ ವ್ಯವಸ್ಥೆಯನ್ನೇ ಕಟ್ಟಬೇಕಾಯ್ತು. 2021ರ ಅಕ್ಟೋಬರ್‌ನಲ್ಲಿ ಕಂಪನಿ ಷೇರುಪೇಟೆಗೆ ಬಂತು, ಒಂದು ಷೇರಿಗೆ 21 ಡಾಲರ್. ಅಲ್ಲಿಂದ ಬೆಲೆ ಜಾರುತ್ತಾ ಹೋಗಿ ನೆಲ ಕಚ್ಚಿತು. ಪರೀಕ್ಷೆ ಮಾಡಿದ ಮಾತ್ರಕ್ಕೆ ಗ್ಯಾರಂಟಿ ಇಲ್ಲ ಸ್ವಾಮಿ. ಕೇಳಿದ ಪ್ರಶ್ನೆಗಷ್ಟೇ ಅದು ಉತ್ತರ ಕೊಡೋದು.

ಅಮೆರಿಕ ಬಿಡಿ, ನಮ್ಮ ಬೆಂಗಳೂರಿಗೇ ಬರೋಣ. ರೆಡ್‌ಬಸ್ ಗೊತ್ತಲ್ಲ? 2005ರ ದೀಪಾವಳಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಕೆಲಸದಲ್ಲಿದ್ದ ಫಣೀಂದ್ರ ಸಾಮ ಅನ್ನೋ ಯುವಕ ಹಬ್ಬಕ್ಕೆ ಹೈದರಾಬಾದ್ ಕಡೆ ಹೋಗಬೇಕು. ಏಜೆಂಟಿನಿಂದ ಏಜೆಂಟಿಗೆ ಅಲೆದರೂ ಬಸ್ ಟಿಕೆಟ್ ಸಿಗಲಿಲ್ಲ. ಬಿಟ್ಸ್ ಪಿಲಾನಿಯ ಗೆಳೆಯರನ್ನ ಸೇರಿಸಿಕೊಂಡ. ಇವರೂ ವಿದ್ಯಾರ್ಥಿಗಳಲ್ಲ, ಕೈತುಂಬ ಸಂಬಳದ ಇಂಜಿನಿಯರುಗಳು. ಅವರ ಮೊದಲ ಐಡಿಯಾ ಟಿಕೆಟ್ ಮಾರೋದಲ್ಲ. ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಮಾಡಿಕೊಡೋದು. ಅದನ್ನ ಹಿಡ್ಕೊಂಡು ಹೋದರೆ ಟ್ರಾವೆಲ್ಸ್‌ನವರು ಆಸಕ್ತಿಯನ್ನೇ ತೋರಿಸಲಿಲ್ಲ. ನಿಮ್ಮ ಕಂಪ್ಯೂಟರ್ ನಮಗ್ಯಾಕಪ್ಪಾ, ಫೋನಿದೆ, ಚಾರ್ಟಿದೆ, ನಡೀತಾ ಇದೆ ಅನ್ನೋ ಧೋರಣೆ.

ಆ ಇಲ್ಲ ಅನ್ನೋ ಉತ್ತರ ಕೇಳಿಸಿಕೊಂಡಿದ್ದೇ ಅವರ ಪುಣ್ಯ. ಸಾಫ್ಟ್‌ವೇರ್ ಬದಿಗಿಟ್ಟು, ನಿಮ್ಮ ಬಸ್ಸಿನ ನಾಲ್ಕು ಸೀಟು ಕೊಡಿ, ನಾವೇ ಮಾರಿಕೊಡ್ತೀವಿ ಅಂದರು. ಐಟಿ ಕಂಪನಿಗಳ ಗೇಟಿನ ಮುಂದೆ ನಿಂತು ಕೈಗೆ ಕಾರ್ಡು ಹಂಚಿದರು. 2006ರಲ್ಲಿ ಶುರುವಾದ ಆ ಕಂಪನಿಯನ್ನ 2013ರಲ್ಲಿ ಐಬಿಬೋ ಕೊಂಡುಕೊಂಡಿತು. ಇದೇ ಹುಡುಗರು ಯಾವುದಾದರೂ ಐಡಿಯಾ ಕಾಂಟೆಸ್ಟ್‌ನಲ್ಲಿ ಆ ಮೊದಲ ಐಡಿಯಾಗೇ ಕಪ್ ಗೆದ್ದಿದ್ದರೆ? ತೀರ್ಪುಗಾರರು ಹೊಗಳಿದ್ದಾರೆ ಅನ್ನೋ ಧೈರ್ಯದಲ್ಲಿ ಬಸ್ ಮಾಲೀಕರ ಹಿಂದೆ ಎರಡು ವರ್ಷ ಸುತ್ತುತ್ತಿದ್ದರೇನೋ.

ಹುಡುಗರು ಈಗ ಬಿಲ್ ಗೇಟ್ಸ್ ಹೆಸರು ತೆಗೀತಾರೆ, ಜುಕರ್‌ಬರ್ಗ್ ಹೆಸರು ತೆಗೀತಾರೆ. ಕಾಲೇಜು ಬಿಟ್ಟು ಗೆದ್ದರಂತೆ! ಜುಕರ್‌ಬರ್ಗ್ ಹಾರ್ವರ್ಡ್ ಬಿಡೋ ಹೊತ್ತಿಗೆ ಫೇಸ್‌ಬುಕ್ ಆಗಲೇ ಹಲವು ಕಾಲೇಜುಗಳಲ್ಲಿ ಓಡ್ತಾ ಇತ್ತು ಕಣಪ್ಪಾ. ಇನ್ನೊಬ್ಬಳ ಹೆಸರನ್ನ ಯಾರೂ ಹೇಳಲ್ಲ. ಎಲಿಜಬೆತ್ ಹೋಮ್ಸ್. 19ನೇ ವಯಸ್ಸಿಗೆ ಸ್ಟ್ಯಾನ್‌ಫರ್ಡ್ ಬಿಟ್ಟು ಥೆರಾನೋಸ್ ಶುರು ಮಾಡಿದಳು. ನಾಲ್ಕು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಅಂತ ಜಗತ್ತಿನ ರಕ್ತ ಪರೀಕ್ಷೆ ಮಾಡಲು ಹೊರಟವಳು ತನ್ನ ಯಂತ್ರವನ್ನ ಮಾತ್ರ ಪ್ರಾಮಾಣಿಕವಾಗಿ ಹೊರಗಿನವರ ಪರೀಕ್ಷೆಗೆ ಒಡ್ಡಲಿಲ್ಲ. 2022ರಲ್ಲಿ 11 ವರ್ಷಕ್ಕೂ ಮೀರಿದ ಜೈಲು ಶಿಕ್ಷೆ ಆಯ್ತು.

ಇನ್ನು ಗಿರಾಕಿಯನ್ನ ಕೇಳೋ ರೀತಿಗೆ ಬರೋಣ. ರಾಬ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋರು 2013ರಲ್ಲಿ ಬರೆದ 'ದಿ ಮಾಮ್ ಟೆಸ್ಟ್' ಅಂತ ಒಂದು ಪುಸ್ತಕ ಇದೆ. ಹೆಸರೇ ಅಮ್ಮನ ಪರೀಕ್ಷೆ! ತರಕಾರಿ ಆ್ಯಪ್ ಮಾಡ್ತೀನಮ್ಮಾ, ಹೇಗಿದೆ ಅಂತ ನಿಮ್ಮಮ್ಮನ್ನ ಕೇಳಿ. "ಚೆನ್ನಾಗಿದೆ ಕಣೋ, ಊಟ ಮಾಡಿದ್ಯಾ?" ಅಂತಾರೆ. ಅದು ಪ್ರೀತಿ, ಮಾರುಕಟ್ಟೆ ಅಲ್ಲ. ಆ್ಯಪ್ ಸುದ್ದಿಯನ್ನೇ ಎತ್ತದೆ ಕೇಳಿ ನೋಡಿ. ಹೋದ ವಾರ ತರಕಾರಿ ಎಲ್ಲಿ ತಗೊಂಡ್ರಿ? ಎಷ್ಟಾಯ್ತು? ಅಲ್ಲಿಗೇ ಯಾಕೆ ಹೋದ್ರಿ? ಆಗ ಬರೋ ಉತ್ತರ ನಿಜ. ಮನೆ ಮುಂದೆ ಬರೋ ಗಾಡಿಯವನು ಇಪ್ಪತ್ತು ವರ್ಷದಿಂದ ಪರಿಚಯ, ಕೊತ್ತಂಬರಿ ಕಟ್ಟು ಸುಮ್ಮನೆ ಕೊಡ್ತಾನೆ, ದುಡ್ಡು ತಿಂಗಳಿಗೊಮ್ಮೆ ಕೊಟ್ರೂ ನಡೆಯತ್ತೆ. ಮಗನ ಆ್ಯಪ್ ಗೆಲ್ಲಬೇಕಾಗಿರೋದು ಈ ಗಾಡಿಯವನನ್ನ. ಪಿಪಿಟಿಯಲ್ಲಿ ಅವನ ಹೆಸರೇ ಇರಲ್ಲ.

ಸರ್ಕಾರ ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. ಕರ್ನಾಟಕದಲ್ಲಿ ನ್ಯೂ ಏಜ್ ಇನ್‌ಕ್ಯುಬೇಷನ್ ನೆಟ್‌ವರ್ಕ್ ಅಂತ ಯೋಜನೆ ಇದೆ. ಬೆಂಗಳೂರಿನ ಆಚೆಯ ಕಾಲೇಜುಗಳ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ 3 ಲಕ್ಷ ರೂಪಾಯಿವರೆಗೆ ಕೊಡ್ತಾರೆ. ಎಲಿವೇಟ್ ಯೋಜನೆಯಲ್ಲಿ ಸ್ಟಾರ್ಟಪ್‌ಗೆ 50 ಲಕ್ಷದವರೆಗೆ ಅನುದಾನ ಇದೆ. ಒಳ್ಳೇದು. ಆದರೆ ಕಾಲೇಜಿನವರಿಗೆ ನನ್ನದೊಂದು ಕೋರಿಕೆ. ಸ್ಪರ್ಧೆ ಮಾಡಿ, ಬೇಡ ಅನ್ನಲ್ಲ. ಬಾಗಿಲಷ್ಟು ದೊಡ್ಡ ಚೆಕ್ಕಿನ ಬದಲು ಪ್ರತಿ ತಂಡಕ್ಕೂ ಎರಡು ಸಾವಿರ ರೂಪಾಯಿ ಮತ್ತು ನಾಲ್ಕು ವಾರ ಟೈಮ್ ಕೊಡಿ. ಪರಿಚಯವೇ ಇಲ್ಲದ ಹತ್ತು ಜನರಿಂದ ದುಡ್ಡು ಇಸ್ಕೊಂಡು ಬನ್ನಿ ಅನ್ನಿ, ಹತ್ತು ರೂಪಾಯಿಯಾದರೂ ಸರಿ. ಯಾರೂ ಕೊಡಲಿಲ್ಲ ಸಾರ್, ಕಾರಣ ಇದು ಅಂತ ಪತ್ತೆ ಮಾಡಿಕೊಂಡು ಬಂದ ತಂಡಕ್ಕೂ ಅಂಕ ಕೊಡಿ. ಅಪ್ಪನ ಸೈಟು ಉಳಿಸಿದ ತಂಡ ಅದು.

ಕಡೆಗೆ ಆ ಫೋನ್ ಹಿಡಿದು ನಿಂತಿರೋ ಅಪ್ಪಂದಿರಿಗೆ. ಹೂಂ ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ನಿಮ್ಮ ಕೈಲಾಗೋ ಒಂದು ಮೊತ್ತ ಹೇಳಿ, ಹೋದರೆ ಹೋಯ್ತು ಅನ್ನೋ ಅಷ್ಟು. ರಜೆ ಬರ್ತಾ ಇದೆ. ಯಾರನ್ನ ಕೇಳಿದೆ, ಅವರೇನಂದರು, ಎಷ್ಟು ಕೊಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಕೊಂಡು ಬಾ, ಆಮೇಲೆ ಇಬ್ಬರೂ ಕೂತು ಮಾತಾಡೋಣ ಅನ್ನಿ. ಬಂದಾಗ ಮೊದಲು ಆ ನೋಟ್‌ಬುಕ್ ನೋಡಿ.