ಮೋಟಾರು ಕಾರಿನ ನೆಚ್ಚಿಕೆ ಮತ್ತು ಅದರ ಖರ್ಚು



ಕಾರು ಕೊಳ್ಳಬೇಕೆಂದು ಹೊರಟ ಗೃಹಸ್ಥನು ಬಂಧುಮಿತ್ರರನ್ನು ಕೇಳುವ ಮೊದಲನೆಯ ಪ್ರಶ್ನೆ “ಯಾವ ಕಂಪೆನಿಯ ಗಾಡಿ ಒಳ್ಳೆಯದು?” ಎಂಬುದು. ಉತ್ತರಗಳಿಗೇನೂ ಬರವಿಲ್ಲ. ಒಬ್ಬರು ತಮ್ಮ ಗಾಡಿ ಹತ್ತು ವರ್ಷಗಳಲ್ಲಿ ಒಂದು ದಿನವೂ ಕೈಕೊಡಲಿಲ್ಲವೆನ್ನುತ್ತಾರೆ; ಅದೇ ಗಾಡಿಯನ್ನು ಅದೇ ವರ್ಷ ಕೊಂಡ ಮತ್ತೊಬ್ಬರು ಅದರ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಹೀಗಿರುವಲ್ಲಿ ಮನೆಯ ಉಳಿತಾಯದ ಬಹುಭಾಗವನ್ನು, ಅನೇಕ ವೇಳೆ ಐದಾರು ವರ್ಷದ ಸಾಲವನ್ನೂ ಸೇರಿಸಿ, ಒಂದು ಯಂತ್ರದ ಮೇಲೆ ಹಾಕತಕ್ಕವನು ಯಾರ ಮಾತನ್ನು ನಂಬಬೇಕು? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡೋಣ.

ನೆಚ್ಚಿಕೆ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಗುಣಗಳು ಅಡಗಿವೆ. ಗಾಡಿ ಕೆಡದೆ ಇರುವುದು ಒಂದು. ಕೆಟ್ಟರೆ ಬೇಗನೆ, ಸುಲಭವಾಗಿ, ಅಲ್ಪವ್ಯಯದಲ್ಲಿ ಸರಿಹೋಗುವುದು ಇನ್ನೊಂದು. ಈ ಎರಡೂ ಒಂದೇ ಗಾಡಿಯಲ್ಲಿ ಕೂಡಿರಬೇಕೆಂಬ ನಿಯಮವಿಲ್ಲ. ನಮ್ಮ ದೇಶದ ಕಾರುಗಳ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕಾರನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ 1950ರ ದಶಕದ ಕೊನೆಯಲ್ಲಿ ಹುಟ್ಟಿದ ಈ ಕಾರು 2014ರವರೆಗೆ, ಹೊರ ಆಕಾರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದೆ, ಬಾಳಿತು. ಬಹುಕಾಲ ಅದರಲ್ಲಿದ್ದುದು 1489 ಘನ ಸೆಂಟಿಮೀಟರಿನ ಹಳೆಯ ಎಂಜಿನ್. ಹಾರನ್ನೊಂದನ್ನುಳಿದು ಮಿಕ್ಕೆಲ್ಲ ಭಾಗಗಳೂ ಸದ್ದು ಮಾಡುತ್ತವೆಂದು ಜನ ಅದನ್ನು ಹಾಸ್ಯ ಮಾಡುತ್ತಿದ್ದುದುಂಟು. ಕೆಡದಿರುವ ಗುಣ ಅದರಲ್ಲಿ ಅಷ್ಟಕ್ಕಷ್ಟೆ. ಆದರೆ ಅದು ಕೆಟ್ಟು ನಿಂತಲ್ಲಿ, ಹಳ್ಳಿಯ ಬಸ್ ನಿಲ್ದಾಣದ ಪಕ್ಕದ ಮೇಸ್ತ್ರಿಯೂ ನಾಲ್ಕು ಸ್ಪ್ಯಾನರು, ಒಂದು ತುಂಡು ತಂತಿ, ಒಂದು ಉಪ್ಪುಕಾಗದ ಹಿಡಿದುಕೊಂಡು ಬಂದು ಅದನ್ನು ನಡೆಸಿಬಿಡುತ್ತಿದ್ದ. ಕಾರ್ಬ್ಯುರೇಟರಿನಲ್ಲಿ ಕಸ ಸೇರಿದರೆ ಊದಿ ತೆಗೆಯಬಹುದು. ಕಿಡಿ ಹುಟ್ಟಿಸುವ ಪಾಯಿಂಟುಗಳು ಸುಟ್ಟಿದ್ದರೆ ಉಜ್ಜಿ ಸರಿಮಾಡಬಹುದು. ಬಿಡಿಭಾಗ ಸಿಕ್ಕದ ತಾಲ್ಲೂಕು ಇರಲಿಲ್ಲ. ಸರ್ಕಾರದ ಅಧಿಕಾರಿಗಳೂ ಬಾಡಿಗೆ ಗಾಡಿಯವರೂ ಅದನ್ನು ಅಷ್ಟು ವರ್ಷ ಬಿಡದೆ ಹಿಡಿದುಕೊಂಡಿದ್ದುದಕ್ಕೆ ಕಾರಣ ಈ ಎರಡನೆಯ ಗುಣ.

ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್, ಮುಂದೆ ಪ್ರೀಮಿಯರ್ ಪದ್ಮಿನಿಯೆಂದು ಹೆಸರಾದದ್ದು, ಅದೇ ಜಾತಿಗೆ ಸೇರಿದ, ಆದರೆ ಹಗುರವಾದ, ಹಾಗಾಗಿ ಪೆಟ್ರೋಲನ್ನು ಕಡಮೆ ಕುಡಿಯುವ ಗಾಡಿ. ಅದರ ಎಂಜಿನ್ 1089 ಘನ ಸೆಂಟಿಮೀಟರಿನದು. ಅಂಬಾಸಡರೇ ಮೇಲೋ ಫಿಯಟ್ಟೇ ಮೇಲೋ ಎಂಬುದು ನಮ್ಮ ಹಿರಿಯರಿಗೆ ಕಾಫಿಯ ಜೊತೆಗೆ ತಕ್ಕ ವಾದವಿಷಯವಾಗಿತ್ತು. ಮುಂಬಯಿಯ ಟ್ಯಾಕ್ಸಿಯವರು ಫಿಯಟ್ಟಿನ ಪಕ್ಷ. 2023ರ ಅಕ್ಟೋಬರಿನಲ್ಲಿಯೇ ಕೊನೆಯ ಪದ್ಮಿನಿ ಟ್ಯಾಕ್ಸಿ ಆ ನಗರದ ಸೇವೆಯಿಂದ ನಿವೃತ್ತವಾದದ್ದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. 796 ಘನ ಸೆಂಟಿಮೀಟರಿನ, ಮೂರೇ ಸಿಲಿಂಡರಿನ ಚಿಕ್ಕ ಎಂಜಿನ್. ಜಪಾನಿನ ಸುಜುಕಿಯವರ ವಿನ್ಯಾಸ. ಆಟದ ಸಾಮಾನೆಂದು ಮೂಗು ಮುರಿದವರೂ ಇದ್ದರು. ಆದರೆ ಭಾನುವಾರ ಬೆಳಗ್ಗೆ ಬಾನೆಟ್ಟನ್ನು ಎತ್ತಿ ಅದರೊಳಗೆ ತಲೆಯಿಟ್ಟುಕೊಂಡಿರುವ ಕರ್ಮದಿಂದ ಮಧ್ಯಮವರ್ಗದ ಗೃಹಸ್ಥನಿಗೆ ಮುಕ್ತಿ ದೊರಕಿದ್ದು ಈ ಸಾಮಾನಿನಿಂದಲೇ. ಮಳೆಗಾಲದ ಮುಂಜಾನೆಯಲ್ಲೂ ಬೀಗದ ಕೈ ತಿರುಗಿಸಿದರೆ ಹೊರಡುತ್ತಿತ್ತು. ಅಲ್ಲಿಂದೀಚೆಗೆ ನಾವು ಎರಡನೆಯ ಗುಣದಿಂದ ಮೊದಲನೆಯ ಗುಣದ ಕಡೆಗೆ ಸಾಗುತ್ತ ಬಂದಿದ್ದೇವೆ. ಈಗಿನ ಗಾಡಿ ಕೆಡುವುದು ಅಪರೂಪ. ಕೆಟ್ಟರೆ ಮಾತ್ರ ಮೇಸ್ತ್ರಿಯ ಸ್ಪ್ಯಾನರು ಸಾಲದು, ಗಣಕಯಂತ್ರವನ್ನು ತಗುಲಿಸಿ ನೋಡಬೇಕು. ಸವೆದ ಭಾಗವನ್ನು ಉಜ್ಜಿ ಕೂಡಿಸುವ ಪದ್ಧತಿ ಹೋಗಿ ಇಡೀ ಜೋಡಣೆಯನ್ನೇ ಬದಲಾಯಿಸುವ ಪದ್ಧತಿ ಬಂದಿದೆ. ರಿಪೇರಿ ವಿರಳ, ಬಿಲ್ಲು ಭಾರಿ.

ಹಾಗಾದರೆ ಯಾವ ತಯಾರಿಕೆಯ ಗಾಡಿ ಕಡಮೆ ಕೆಡುತ್ತದೆಂಬುದನ್ನು ಯಾರಾದರೂ ಎಣಿಸಿದ್ದಾರೆಯೆ? ಎಣಿಸಿದ್ದಾರೆ. ಜರ್ಮನಿಯ ಎಡಿಎಸಿ ಎಂಬ ಮೋಟಾರು ಸಂಘವು ತನ್ನ ಹಳದಿ ಗಾಡಿಗಳು ಎಷ್ಟು ಕಾರುಗಳ ನೆರವಿಗೆ ಹೋದವೆಂಬುದನ್ನು ಪ್ರತಿವರ್ಷವೂ ಪ್ರಕಟಿಸುತ್ತದೆ. ಅಮೆರಿಕಾದಲ್ಲಿ 1936ರಲ್ಲಿ ಆರಂಭವಾದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ತನ್ನ ಸದಸ್ಯರಿಗೆ ಪ್ರಶ್ನಾವಳಿಯನ್ನು ಕಳುಹಿಸಿ ಅವರ ಅನುಭವವನ್ನು ಕ್ರೋಡೀಕರಿಸುತ್ತದೆ. ಜೆ. ಡಿ. ಪವರ್ ಸಂಸ್ಥೆ ಮೂರು ವರ್ಷ ಓಡಿದ ಗಾಡಿಗಳ ಒಡೆಯರನ್ನು ವಿಚಾರಿಸಿ, ನೂರು ಗಾಡಿಗಳಿಗೆ ಎಷ್ಟು ತೊಂದರೆಗಳೆಂದು ಲೆಕ್ಕ ಕೊಡುತ್ತದೆ.

ಈ ಪಟ್ಟಿಗಳು ಉಪಯುಕ್ತವೇ ಸರಿ. ಜಪಾನಿನ ಟೊಯೋಟಾ ಅಮೆರಿಕಾದ ಪಟ್ಟಿಗಳಲ್ಲಿ ಅನೇಕ ವರ್ಷ ಮೇಲ್ಸಾಲಿನಲ್ಲಿ ಕಾಣಿಸಿಕೊಂಡಿರುವುದು ಆಕಸ್ಮಿಕವಾಗಿರಲಾರದು. ಆದರೂ ಅವನ್ನು ಓದುವಾಗ ಎಣಿಸಿದ್ದು ಏನನ್ನು ಎಂದು ಕೇಳಿಕೊಳ್ಳಬೇಕು. ಜರ್ಮನಿಯಲ್ಲಿ ದಾರಿಯಲ್ಲಿ ನಿಂತ ಕಾರುಗಳಿಗೆ ಅತ್ಯಂತ ದೊಡ್ಡ ಕಾರಣ 12 ವೋಲ್ಟಿನ ಸಾಮಾನ್ಯ ಬ್ಯಾಟರಿ. ಅದನ್ನು ತಯಾರಿಸುವವರು ಬೇರೆ, ಹೆಸರು ಕೆಡುವುದು ಕಾರಿನ ಕಂಪೆನಿಗೆ. ಅಮೆರಿಕಾದ ಲೆಕ್ಕದಲ್ಲಿ ದೂರವಾಣಿ ಕಾರಿನ ಪರದೆಗೆ ಜೋಡಣೆಯಾಗಲಿಲ್ಲವೆಂಬುದೂ ಒಂದು ತೊಂದರೆ, ಗೇರುಪೆಟ್ಟಿಗೆ ಮುರಿಯಿತೆಂಬುದೂ ಒಂದು ತೊಂದರೆ. ಪರೀಕ್ಷೆಯಲ್ಲಿ ಕಾಗುಣಿತದ ತಪ್ಪಿಗೂ ಪ್ರಮೇಯದ ತಪ್ಪಿಗೂ ಒಂದೇ ಅಂಕ ಕಳೆದಂತಾಯಿತು!

ಹೆಸರಿಗೂ ವಸ್ತುವಿಗೂ ಇರುವ ಸಂಬಂಧ ಎಷ್ಟು ಸಡಿಲವೆಂಬುದಕ್ಕೆ ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಒಂದು ಸ್ವಾರಸ್ಯವಾದ ಉದಾಹರಣೆಯುಂಟು. ಅಲ್ಲಿನ ಫ್ರೀಮಾಂಟ್ ಎಂಬ ಊರಿನಲ್ಲಿ 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಕಂಪೆನಿಗಳು ಕೂಡಿ ಒಂದು ಕಾರ್ಖಾನೆಯನ್ನು ನಡೆಸತೊಡಗಿದವು. ಒಂದೇ ಸಾಲಿನಲ್ಲಿ, ಅದೇ ಕೆಲಸಗಾರರ ಕೈಯಲ್ಲಿ, ಹೆಚ್ಚು ಕಡಮೆ ಒಂದೇ ಕಾರು ತಯಾರಾಗಿ, ಕೆಲವು ಟೊಯೋಟಾ ಕೊರೋಲಾ ಎಂಬ ಹೆಸರಿನಿಂದಲೂ ಕೆಲವು ಜಿಯೋ ಪ್ರಿಸಂ ಎಂಬ ಹೆಸರಿನಿಂದಲೂ ಹೊರಬಿದ್ದವು. ಕೆಲವು ವರ್ಷ ಓಡಿದ ಮೇಲೆ ಮಾರುಕಟ್ಟೆಗೆ ಬಂದಾಗ ಕೊರೋಲಾಕ್ಕೆ ಹೆಚ್ಚು ಬೆಲೆ, ಪ್ರಿಸಂಗೆ ಕಡಮೆ. ಬುದ್ಧಿವಂತನಾದವನು ಹಳೆಯ ಪ್ರಿಸಂ ಕೊಂಡು ಕೊರೋಲಾದ ಸುಖವನ್ನು ಅನುಭವಿಸಿದ. ನಮ್ಮಲ್ಲಿಯೂ 2019ರಲ್ಲಿ ಮಾರುತಿಯವರ ಬಲೆನೋ ಕಾರೇ ಟೊಯೋಟಾ ಗ್ಲಾಂಜಾ ಎಂಬ ಹೆಸರಿನಿಂದಲೂ ಮಾರಾಟಕ್ಕೆ ಬಂದಿತು. ಇಂಥಲ್ಲಿ ಎರಡರಲ್ಲಿ ಯಾವುದರ ಎಂಜಿನ್ ಗಟ್ಟಿಯೆಂದು ಚರ್ಚಿಸುವವರು ಇದ್ದಾರೆ. ಅವರಿಗೆ ಏನು ಹೇಳೋಣ? ನೋಡತಕ್ಕದ್ದು ವಾರಂಟಿಯ ಅವಧಿ, ಮನೆಗೆ ಹತ್ತಿರವಾದ ಸರ್ವೀಸು, ಮರುಮಾರಾಟದ ಬೆಲೆ.

ಮರುಮಾರಾಟದ ಮಾತು ಬಂದುದರಿಂದ ಖರ್ಚಿನ ವಿಷಯಕ್ಕೆ ಬರುತ್ತೇನೆ. ಕಾಗದ ಪೆನ್ಸಿಲು ಹತ್ತಿರವಿದ್ದವರು ದಯಮಾಡಿ ಬರೆದುಕೊಳ್ಳಬಹುದು. 8 ಲಕ್ಷ ರೂಪಾಯಿನ ಒಂದು ಪೆಟ್ರೋಲ್ ಕಾರು. ವರ್ಷಕ್ಕೆ 12,000 ಕಿಲೋಮೀಟರಿನಂತೆ ಐದು ವರ್ಷಕ್ಕೆ 60,000 ಕಿಲೋಮೀಟರು ಓಡುತ್ತದೆನ್ನೋಣ. ಲೀಟರಿಗೆ 16 ಕಿಲೋಮೀಟರು ಬಂದರೆ 3,750 ಲೀಟರು; ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ 100 ರೂಪಾಯಿ ಹಿಡಿದರೆ 3,75,000 ರೂಪಾಯಿ. ವಿಮೆಗೆ ಐದು ವರ್ಷಕ್ಕೆ ಒಂದು ಲಕ್ಷ, ಸರ್ವೀಸು, ಟೈರು, ಬ್ಯಾಟರಿ ಮುಂತಾದುವಕ್ಕೆ 75,000 ಎಂದಿಟ್ಟುಕೊಳ್ಳಿ. ಇಷ್ಟನ್ನು ಎಲ್ಲರೂ ಬರೆದಿಡುತ್ತಾರೆ. ಬರೆಯದೆ ಬಿಡುವುದು ಸವಕಳಿಯನ್ನು, ಎಂದರೆ ಗಾಡಿಯ ಬೆಲೆ ತಾನಾಗಿ ಇಳಿಯುವುದನ್ನು. ಅದಕ್ಕೆ ಬಿಲ್ಲು ಬರುವುದಿಲ್ಲ, ಯಾರೂ ಬಂದು ಬಾಗಿಲು ತಟ್ಟಿ ಕೇಳುವುದಿಲ್ಲ. ನಮ್ಮ ದೇಶದ ವಿಮೆಯ ಪಟ್ಟಿಯಲ್ಲಿ ಆರು ತಿಂಗಳು ತುಂಬಿದ ಗಾಡಿಗೆ ನೂರಕ್ಕೆ 15, ವರ್ಷ ತುಂಬಿದ್ದಕ್ಕೆ 20, ಎರಡು ವರ್ಷ ಮೀರಿದರೆ 30, ಮೂರು ಮೀರಿದರೆ 40, ನಾಲ್ಕು ಮೀರಿದರೆ 50 ಎಂದು ಬೆಲೆಯನ್ನು ಕಳೆಯುತ್ತ ಹೋಗುತ್ತಾರೆ. ಆ ಪ್ರಕಾರ ಐದನೆಯ ವರ್ಷದಲ್ಲಿ ನಮ್ಮ ಗಾಡಿಯ ಬೆಲೆ 4 ಲಕ್ಷ. ಮಿಕ್ಕ 4 ಲಕ್ಷ ಆವಿಯಾಗಿ ಹೋಯಿತು.

ಒಟ್ಟು ಒಂಬತ್ತೂವರೆ ಲಕ್ಷ; ಕಿಲೋಮೀಟರಿಗೆ ಸುಮಾರು 16 ರೂಪಾಯಿ. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ನಮ್ಮ ರಾಜ್ಯದಲ್ಲಿ ಗಾಡಿಯ ಬೆಲೆಗೆ ಅನುಸಾರವಾಗಿ ಒಂದೇ ಸಲ ಕೊಡಬೇಕಾದ ಆಜೀವ ತೆರಿಗೆಯೂ ಸೇರಿಲ್ಲ. ಅತ್ಯಂತ ದೊಡ್ಡ ಬಾಬು ಪೆಟ್ರೋಲಲ್ಲ, ಸವಕಳಿ. ನಾವು ಬಹಳವಾಗಿ ಜಗಳವಾಡುವ ಸರ್ವೀಸು ರಿಪೇರಿಗಳ ಖರ್ಚು ಹನ್ನೆರಡರಲ್ಲಿ ಒಂದು ಪಾಲಿಗೂ ಕಡಮೆ. ಒಳ್ಳೆಯ ಹೆಸರಿನ ಗಾಡಿ ಐದು ವರ್ಷದ ಮೇಲೆ ನೂರಕ್ಕೆ 60ರಷ್ಟು ಬೆಲೆಯನ್ನೂ ಹೆಸರು ಕೆಟ್ಟ ಗಾಡಿ 40ರಷ್ಟನ್ನೂ ಉಳಿಸಿಕೊಂಡವೆಂದರೆ, ವ್ಯತ್ಯಾಸ 1,60,000 ರೂಪಾಯಿ. ಐದು ವರ್ಷದ ಸರ್ವೀಸಿನ ಎರಡರಷ್ಟಕ್ಕೂ ಅದು ಹೆಚ್ಚು. ಗಾಡಿಯ ನೆಚ್ಚಿಕೆ ಕೊಂಡವನಿಗೆ ಹಣವಾಗಿ ಹಿಂದಿರುಗುವುದು ಹೀಗೆ.

ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಅಳತೆಯೂ ಸ್ವಲ್ಪ ಮೋಸದ್ದೇ. 10 ಕೊಡುವ ಗಾಡಿಯನ್ನು ಬಿಟ್ಟು 12 ಕೊಡುವುದನ್ನು ತಂದವನಿಗೆ ವರ್ಷಕ್ಕೆ 12,000 ಕಿಲೋಮೀಟರಿಗೆ 200 ಲೀಟರು ಉಳಿಯುತ್ತದೆ. 20ರಿಂದ 25ಕ್ಕೆ ಏರಿದವನಿಗೆ ಉಳಿಯುವುದು 120 ಮಾತ್ರ. ಜಂಬ ಕೊಚ್ಚಿಕೊಳ್ಳುವವನು ಈ ಎರಡನೆಯವನು!

ಡೀಸೆಲ್ಲಿನ ವಿಚಾರ ಬೇಗ ಮುಗಿಯತಕ್ಕದ್ದು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹತೋಟಿಯನ್ನು ಬಿಟ್ಟಮೇಲೆ ಅದಕ್ಕೂ ಪೆಟ್ರೋಲಿಗೂ ಮೊದಲಿನಷ್ಟು ಅಂತರ ಉಳಿಯಲಿಲ್ಲ. ಗಾಡಿಯ ಬೆಲೆ ಒಂದೂಕಾಲು ಲಕ್ಷ ಹೆಚ್ಚು, ಕಿಲೋಮೀಟರಿಗೆ ಒಂದೂಮುಕ್ಕಾಲು ರೂಪಾಯಿ ಉಳಿತಾಯ ಎಂದರೆ, ಕೊಟ್ಟದ್ದು ಮರಳಬೇಕಾದರೆ 71,000 ಕಿಲೋಮೀಟರು ಓಡಬೇಕು. ಕಾಲೇಜಿಗೂ ಮನೆಗೂ ನಡುವೆ ಓಡಾಡುವವನಿಗೆ ಅದು ಆರು ವರ್ಷದ ಕೆಲಸ. ಬಾಡಿಗೆ ಗಾಡಿಯವನಿಗೆ ಒಂದು ವರ್ಷದ್ದು. ವಿದ್ಯುತ್ತಿನ ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಹೋಗುತ್ತದೆ. ಮನೆಯಲ್ಲಿಯೇ ತುಂಬಿಸಿಕೊಳ್ಳುವವರಿಗೆ ಓಡಾಟದ ಖರ್ಚು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಂಜಿನ್ ಎಣ್ಣೆಯಿಲ್ಲ, ಕ್ಲಚ್ಚಿಲ್ಲ. ಅದರ ಬೆಲೆಯೆಲ್ಲ ಬ್ಯಾಟರಿಯಲ್ಲಿರುವುದರಿಂದ ಅದರ ವಾರಂಟಿಯ ಪತ್ರವನ್ನು ಮಾತ್ರ ಪ್ರತಿಯೊಂದು ಸಾಲೂ ಓದಬೇಕು.

ಐದು ವರ್ಷಕ್ಕೆ ಮಾರುವವನ ಲೆಕ್ಕ ಇದು. ಹದಿನೈದು ವರ್ಷ ಇಟ್ಟುಕೊಳ್ಳುವವನ ಲೆಕ್ಕ ಬೇರೆ. ಅವನಿಗೆ ಸವಕಳಿ ಹಂಚಿಹೋಗಿ ಹಗುರವಾಗುತ್ತದೆ, ರಿಪೇರಿ ಭಾರವಾಗುತ್ತದೆ. ಬಿಡಿಭಾಗ ದೊರೆಯುವುದೇ ಮುಖ್ಯವಾಗುತ್ತದೆ. ಗಾಡಿ ಒಳ್ಳೆಯದಾಗಿದ್ದರೆ ಸಾಲದು, ಮಾಡಿದವರೂ ಬಾಳಬೇಕು. ನಮ್ಮ ಬೆಂಗಳೂರಿನಲ್ಲಿಯೇ 1980ರ ದಶಕದಲ್ಲಿ ಸಿಪಾನಿ ಕಂಪೆನಿಯವರು ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸಿದರು. ಇಂಗ್ಲೆಂಡಿನ ರಿಲಯಂಟ್ ಕಿಟ್ಟನ್ ಅದಕ್ಕೆ ಮೂಲ. ಒಡಲು ಫೈಬರ್ ಗ್ಲಾಸಿನದು, ತುಕ್ಕು ಹಿಡಿಯುವಂತಿರಲಿಲ್ಲ. ಎಂಜಿನ್ 848 ಘನ ಸೆಂಟಿಮೀಟರಿನದು. ಮಾರುತಿಯ ಪ್ರವಾಹದೆದುರು ಅದು ನಿಲ್ಲಲಾರದೆ ಹೋಯಿತು. ಕೊಂಡವರ ಪಾಲಿಗೆ ಉಳಿದದ್ದು ತುಕ್ಕು ಹಿಡಿಯದ ಒಡಲು. ದೊಡ್ಡವರಿಗೂ ಇದೇ ಗತಿಯಾದದ್ದುಂಟು. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ ಕಂಪೆನಿ 2021ರಲ್ಲಿ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಸುದ್ದಿ ಬಂದ ಮರುದಿನವೂ ಆ ಗಾಡಿಗಳು ಹಿಂದಿನ ದಿನದಷ್ಟೇ ಚೆನ್ನಾಗಿ ಓಡಿದವು; ಕೊಳ್ಳಬಂದವನು ಕೇಳುವ ಬೆಲೆ ಮಾತ್ರ ಇಳಿದಿತ್ತು.

ಬಾಡಿಗೆ ಗಾಡಿಯವರು ಈ ಶಾಸ್ತ್ರವನ್ನು ನಮಗಿಂತ ಚೆನ್ನಾಗಿ ಬಲ್ಲರು. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಟೊಯೋಟಾ ಕ್ವಾಲಿಸ್ ಹೊರಬಂದಾಗ ಅದರ ರೂಪ ಹಳೆಯದೆಂದು ಪೇಟೆಯ ಜನ ನಕ್ಕರು. ಬಾಡಿಗೆಯವರು ನಗಲಿಲ್ಲ, ಕೊಂಡರು. ಗಾಡಿ ನಿಂತ ದಿನದ ನಷ್ಟವನ್ನು ಅವರು ದಿನದ ಪುಸ್ತಕದಲ್ಲಿ ಬರೆಯುತ್ತಾರೆ. ಲಕ್ಷಾಂತರ ಕಿಲೋಮೀಟರು ಓಡಿಸಿದವನ ಆ ಪುಸ್ತಕವನ್ನು ನೋಡುವ ಅವಕಾಶ ಸಿಕ್ಕಿದರೆ ಬಿಡಬೇಡಿ.

ಇನ್ನೊಂದು ಉಪಾಯವೂ ಉಂಟು. ಷೋರೂಮಿನೊಳಕ್ಕೆ ಕಾಲಿಡುವ ಮುಂಚೆ ಬೆಂಗಳೂರಿನ ಜೆ. ಸಿ. ರಸ್ತೆಗೋ ನಿಮ್ಮ ಊರಿನ ಬಿಡಿಭಾಗದ ಅಂಗಡಿಗೋ ಹೋಗಿ, ನೀವು ಮನಸ್ಸಿನಲ್ಲಿಟ್ಟುಕೊಂಡ ಎರಡು ಮೂರು ಗಾಡಿಗಳಿಗೆ ಮುಂದಿನ ದೀಪ, ಕ್ಲಚ್ಚು, ಮುಂಬದಿಯ ಷಾಕ್ ಅಬ್ಸಾರ್ಬರು, ಈ ಮೂರರ ಬೆಲೆಯನ್ನು ಕೇಳಿ. ಬೆಲೆಯ ಜೊತೆಗೆ ಇನ್ನೊಂದನ್ನೂ ಗಮನಿಸಿ: ಅಂಗಡಿಯವನು ಕೈಚಾಚಿ ಕಪಾಟಿನಿಂದ ತೆಗೆದುಕೊಡುತ್ತಾನೆಯೋ, ಇಲ್ಲವೆ “ಆರ್ಡರ್ ಹಾಕಬೇಕು ಸ್ವಾಮಿ, ಹತ್ತು ದಿವಸ ಆಗುತ್ತೆ” ಎನ್ನುತ್ತಾನೆಯೋ ಎಂಬುದನ್ನು.