ಕಣದಲ್ಲಿ ಕಣ
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಮಳೆ ಕೈಕೊಟ್ಟಿತು. ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋದೆವು. ಮೂರು ತಿಂಗಳು ಸಿಮೆಂಟ್ ಬುಟ್ಟಿ ಹೊತ್ತೆ. ವಿಜ್ಞಾನದ ಗುರುಗಳು ನಮ್ಮ ದೊಡ್ಡಪ್ಪನ ಕೈಲಿ ಹೇಳಿಕಳಿಸಿದರು: "ಹುಡುಗನ ಹೆಸರು ಹಾಜರಿಯಿಂದ ತೆಗೆದಿಲ್ಲ, ಬರ್ಲಿ." ಬಂದೆ. ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಆ ಗುರುಗಳು ಇಂದು ಇಲ್ಲ. ಅವರಿಗೆ ಹೇಳಬೇಕಿದ್ದ ಸುದ್ದಿಯನ್ನು ನಿಮ್ಮೆದುರು ಹೇಳುತ್ತೇನೆ.

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ 'ಮೇಸ್' ದೂರದರ್ಶಕವಿದೆ. ನಾವು ಸಣ್ಣವರಿದ್ದಾಗ ಶಹಾಪುರದ ಮಲಗಿದ ಬುದ್ಧನ ಗುಡ್ಡದ ಹಿಂದೆ ಕಾಣುತ್ತಿದ್ದಂಥ ಕತ್ತಲೆ ಅಲ್ಲಿ ಇನ್ನೂ ಉಳಿದಿದೆ. 2022ರ ಡಿಸೆಂಬರ್, 2023ರ ಜನವರಿಯಲ್ಲಿ ಅದು 20 ಕೋಟಿ ಜ್ಯೋತಿರ್ವರ್ಷಕ್ಕೂ ದೂರದ ಎನ್‌ಜಿಸಿ 1275 ಎಂಬ ರೇಡಿಯೊ ಗೆಲಾಕ್ಸಿಯ ಗಾಮಾ ಕಿರಣಗಳನ್ನು ಹಿಡಿಯಿತು.

ಗಾಮಾ ಕಿರಣ ನೆಲ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು ಕಣಗಳ ಸುರಿಮಳೆಯಾಗುತ್ತದೆ. ಆ ಕಣಗಳು ಗಾಳಿಯಲ್ಲಿ ಬೆಳಕು ಹೋಗುವುದಕ್ಕಿಂತ ಜೋರಾಗಿ ಓಡುವುದರಿಂದ (ಗಾಳಿಯಲ್ಲಿ ಬೆಳಕು ತುಸು ನಿಧಾನ, ಐನ್‌ಸ್ಟೈನರಿಗೇನೂ ಧಕ್ಕೆಯಿಲ್ಲ) ನೀಲಿ ಮಿಂಚೊಂದು ಹುಟ್ಟುತ್ತದೆ. ಇದೇ ಚೆರೆಂಕೊವ್ ಬೆಳಕು. ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅಂಥ ಕೆಲವೇ ಚೂರುಗಳಷ್ಟು ಅದರ ಆಯುಷ್ಯ. ಅದನ್ನು ಹಿಡಿಯಲು 356 ಫಲಕಗಳ 21 ಮೀಟರ್ ಅಗಲದ ಕನ್ನಡಿ, 1,088 ಕಣ್ಣುಗಳ ಕ್ಯಾಮೆರಾ.

ನಿಜವಾದ ಕಷ್ಟ ಬೇರೆ. ಕಾಸ್ಮಿಕ್ ಕಣಗಳೂ ಇಂಥದೇ ಮಿಂಚು ಎಬ್ಬಿಸುತ್ತವೆ, ಅದೂ ಎಷ್ಟೋ ಪಟ್ಟು ಹೆಚ್ಚು. ಗಾಮಾದ ಚಿತ್ರ ಸಪೂರ, ಅವುಗಳದ್ದು ಚೆಲ್ಲಾಪಿಲ್ಲಿ. ಆಕಾರ ನೋಡಿ ಬೇರ್ಪಡಿಸಬೇಕು, ಕಣದಲ್ಲಿ ತೊಗರಿ ತೂರಿದ ಹಾಗೆ. ನಮ್ಮವ್ವ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದಳು.

ರೇಡಿಯೊ ಗೆಲಾಕ್ಸಿಯ ನಡುವಿನ ಕಪ್ಪುರಂಧ್ರದಿಂದ ಚಿಮ್ಮುವ ಧಾರೆ ನೇರ ನಮ್ಮ ಕಡೆಗಿರುವುದಿಲ್ಲ. ಬ್ಯಾಟರಿಯನ್ನು ಪಕ್ಕದಿಂದ ನೋಡಿದಂತೆ, ಬೆಳಕು ಮಂದ. ಆದರೂ 2005ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು ಎಂ87 ಗೆಲಾಕ್ಸಿಯ ಗಾಮಾ ಬೆಳಕು ಒಂದೆರಡು ದಿನದಲ್ಲೇ ಏರಿಳಿಯುವುದನ್ನು ಕಂಡವು. ಅಂದರೆ ಅದು ಹುಟ್ಟುವ ಜಾಗ, ಹೆಚ್ಚುಕಡಿಮೆ, ಬೆಳಕು ಅಷ್ಟು ದಿನದಲ್ಲಿ ದಾಟುವಷ್ಟೇ ಅಗಲ. ಇಡೀ ಗೆಲಾಕ್ಸಿಯಲ್ಲಿ ಅದೊಂದು ಸಾಸಿವೆ ಕಾಳು. ಅಷ್ಟು ಚಿಕ್ಕ ಜಾಗ ಅಷ್ಟು ಶಕ್ತಿ ಹೇಗೆ ಕೊಡುತ್ತದೆಂಬ ವಾದ ಇನ್ನೂ ಮುಗಿದಿಲ್ಲ.

ಸಭೆಗೆ ಬರುವ ಮೊದಲು ಒಂಬತ್ತನೇ ತರಗತಿಯ ಹಾಜರಿ ಪುಸ್ತಕ ನೋಡಿದೆ. ಏಳು ಹೆಸರುಗಳ ಮುಂದೆ ಸಾಲಾಗಿ ಗೈರು. "ಬೆಂಗಳೂರಿಗೆ ಹೋಗ್ಯಾರ್ರಿ ಸರ್. ಹೆಸರು ತೆಗೆದಿಲ್ಲ" ಅಂದರು ಹೆಡ್‌ಮಾಸ್ಟರು. ಆ ಮನೆಯವರ ಫೋನ್ ನಂಬರು ಯಾರ ಹತ್ತಿರವಾದರೂ ಇದ್ದರೆ, ಊಟಕ್ಕೆ ಕೂಡುವ ಮುಂಚೆ ನನಗೆ ಕೊಡಿ.